ಕೇಳದೆ ಹೊಡೆದ ಪಾಲಿಶ್

ಫೋನ್ ಬಂದಾಗ ಒಂದು ವ್ಯಾನಿನ ಬಾಗಿಲಿಗೆ ಪುಟ್ಟಿ ಹಚ್ಚುತ್ತಿದ್ದೆ. 2006ನೇ ಇಸವಿ, ಒಂದು ಭಾನುವಾರ ಮಧ್ಯಾಹ್ನ. ಆ ಕಡೆ ಶಶಿಧರ್ ಸಾರ್.

"ಮಂಜ, ಬಾಲ್‌ಗೆ ಏನ್ ಮಾಡಿದ್ಯೋ?"

"ಪಾಲಿಶ್ ಹೊಡ್ದೆ ಸಾರ್. ಚೆನ್ನಾಗ್ ಬಂದಿಲ್ವಾ?"

ನೀರು ಹಾಕಿ ಉಜ್ಜುವ ವಾಟರ್ ಪೇಪರ್ ತಗೊಂಡು ಈಗಲೇ ಬಾ ಅಂದರು.

ನಾನು ಸುಂಕದಕಟ್ಟೆಯಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವವನು. ಓದಿದ್ದು ಏಳನೇ ಕ್ಲಾಸು. ಸಾರ್ ಬಸವೇಶ್ವರನಗರದವರು, ಬ್ಯಾಂಕಿನಲ್ಲಿ ಕೆಲಸ. ಅವರ ಕಾರಿನ ಗೀರು ತೆಗೆದುಕೊಟ್ಟಿದ್ದೆ, ಹಾಗೆ ಪರಿಚಯ. ಅವರು ಬೌಲಿಂಗ್ ಆಡುತ್ತಿದ್ದರು. ಕ್ರಿಕೆಟ್ಟಿನದಲ್ಲ. ಉದ್ದದ ಮರದ ಹಾಸಿನ ಮೇಲೆ ಭಾರದ ಬಾಲ್ ಉರುಳಿಸಿ, ಆ ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್ ಬೀಳಿಸುವ ಆಟ.

ಶುಕ್ರವಾರ ಬಾಲ್ ತಂದು ಕೊಟ್ಟಿದ್ದರು. ಆ ಮರದ ಹಾಸಿನ ಮೇಲೆ ಎಣ್ಣೆ ಹಚ್ಚಿರುತ್ತಾರಂತೆ. ಎಣ್ಣೆ ಕಡಿಮೆ ಇದ್ದರೆ ನುಣುಪಾದ ಬಾಲ್ ನಡೆಯುತ್ತದೆ. ಜಾಸ್ತಿ ಇದ್ದರೆ ಒರಟಾಗಿರಬೇಕು. ಇಲ್ಲದಿದ್ದರೆ ಜಾರಿಕೊಂಡು ನೇರ ಹೋಗುತ್ತದೆ, ಪಿನ್ ಹತ್ತಿರ ತಿರುಗುವುದಿಲ್ಲ. ಭಾನುವಾರದ ಪಂದ್ಯಕ್ಕೆ ಎಣ್ಣೆ ಜಾಸ್ತಿ ಹಾಕುತ್ತಾರೆ, ಸಾವಿರದ ನಂಬರ್ ಪೇಪರ್ ಹೊಡೆದು ಬಿಟ್ಟುಬಿಡು ಅಂದಿದ್ದರು. ಆ ಪಂದ್ಯದಲ್ಲಿ ಮೊದಲ ಆರು ಜನಕ್ಕೆ ರಾಜ್ಯದ ಟೀಮಿನಲ್ಲಿ ಜಾಗ. ಸಾರ್‌ಗೆ ಎರಡು ವರ್ಷ ತಪ್ಪಿಹೋಗಿತ್ತು. ಭುಜದ ನೋವು ಬೇರೆ, ಇದೇ ಕೊನೇ ಸಲ ಅಂತ ಅವರೇ ಹೇಳಿದ್ದರು.

ಪೇಪರ್ ಹೊಡೆದೆ. ಬಾಲ್ ಬೂದಿ ಬಳಿದ ಹಾಗೆ ಕಂಡಿತು. ನಮ್ಮಲ್ಲಿ ಅದು ಅರ್ಧ ಕೆಲಸ. ಪೇಪರ್ ಹೊಡೆದ ಗಾಡಿಯನ್ನು ಹಾಗೇ ಯಾರೂ ವಾಪಸ್ ಕೊಡುವುದಿಲ್ಲ. ಕೊಡಲು ನಾಚಿಕೆ ಆಯಿತು. ಹೊಳಪು ಬರಿಸುವ ಕಾಂಪೌಂಡ್ ಹಾಕಿ ಪಾಲಿಶ್ ಮೆಷಿನ್ ಹಿಡಿದೆ. ನನ್ನ ಮುಖ ಕಾಣುವಷ್ಟು ಹೊಳೆಯಿತು. ಶನಿವಾರ ಸಾರ್ ಅವಸರದಲ್ಲಿದ್ದರು. ಆಯ್ತಾ ಅಂದರು, ಆಯ್ತು ಅಂದೆ. ಬ್ಯಾಗ್ ತೆಗೆದು ನೋಡದೆ ಹೋದರು.

ಫೋನ್ ಇಟ್ಟವನೇ ಗ್ಯಾರೇಜ್ ಓನರ್ ಬೈಕ್ ತೆಗೆದುಕೊಂಡು ಪಂದ್ಯ ನಡೆಯುವ ಕಡೆ ಹೋದೆ. ಸಾರ್ ಪಾರ್ಕಿಂಗ್‌ನಲ್ಲಿ ನಲ್ಲಿ ಹತ್ತಿರ ಬಾಲ್ ಹಿಡಿದು ನಿಂತಿದ್ದರು. ಬೆಳಗಿನ ಸುತ್ತಿನಲ್ಲಿ ಹದಿನಾಲ್ಕನೆಯವರು. ಊಟದ ಬಿಡುವಿನಲ್ಲಿ ಬಾಲ್ ಕೈಯಲ್ಲಿ ತಿಕ್ಕಬಹುದು, ಆಟ ಶುರುವಾದ ಮೇಲೆ ಮುಟ್ಟುವ ಹಾಗಿಲ್ಲ. ಅರ್ಧ ಗಂಟೆ ಉಳಿದಿತ್ತು.

"ಬೈದ್ಬಿಡಿ ಸಾರ್," ಅಂದೆ.

"ಟೈಮಿಲ್ಲ. ತಿಕ್ಕು."

ಬೆರಳಿನ ತೂತುಗಳಿಗೆ ಬಟ್ಟೆ ತುರುಕಿದೆ. ಸಾರ್ ನೀರು ಹಾಕಿದರು, ನಾನು ತಿಕ್ಕಿದೆ. ಒಂದೇ ಕಡೆಗೆ ತಿಕ್ಕಿದರೆ ಗೆರೆ ಬೀಳುತ್ತದೆ, ಅದಕ್ಕೆ ಬಾಲ್ ತಿರುಗಿಸಿ ತಿರುಗಿಸಿ ತಿಕ್ಕಿದೆ. ಕಣ್ಣು ಮುಚ್ಚಿ ಅಂಗೈಯಲ್ಲಿ ಸವರಿ ನೋಡಿದೆ. ನುಣುಪು ಸಿಕ್ಕ ಕಡೆ ಮತ್ತೆ ತಿಕ್ಕಿದೆ. ಹೊಳಪು ಪೂರ್ತಿ ಹೋಯಿತು.

ಮಧ್ಯಾಹ್ನದ ಆಟ ಹಿಂದೆ ನಿಂತು ನೋಡಿದೆ. ಬಾಲ್ ಹಾಸಿನ ಅಂಚಿನಲ್ಲೇ ಹೋಗಿ, ಪಿನ್ ಹತ್ತಿರ ಬಂದ ಮೇಲೆ ಒಳಕ್ಕೆ ತಿರುಗುತ್ತಿತ್ತು. ಅವರು ಹೇಳಿದ್ದು ಏನು ಅಂತ ಆಗ ಅರ್ಥ ಆಯಿತು. ಹತ್ತನೇ ಜಾಗಕ್ಕೆ ಬಂದರು, ಆಮೇಲೆ ಎಂಟಕ್ಕೆ ಬಂದರು.

ಕೊನೆಗೆ ಏಳನೇ ಜಾಗ. ಆರನೆಯವನಿಗೂ ಅವರಿಗೂ ಮೂರು ಪಿನ್ ವ್ಯತ್ಯಾಸ.

ಸಾರ್ ಕೂತು ಶೂ ಬಿಚ್ಚುತ್ತಿದ್ದರು. ತಪ್ಪು ನಂದು ಅಂದೆ. ಅವರು ತಲೆ ಎತ್ತಲಿಲ್ಲ.

"ಪಾಲಿಶ್ ಚೆನ್ನಾಗೇ ಇತ್ತು ಕಣೋ. ನಾನ್ ಕೇಳಿರ್ಲಿಲ್ಲ, ಅಷ್ಟೇ."

ಟೀ ಕುಡಿಸಿ ಕಳಿಸಿದರು. ಆಮೇಲೂ ಕಾರನ್ನು ನಮ್ಮಲ್ಲಿಗೇ ತಂದರು. ಬಾಲ್ ಮಾತ್ರ ಮತ್ತೆ ತರಲಿಲ್ಲ.

ಈಗ ಯಾರಾದರೂ ಹೊಳಪು ಬೇಡ ಅಂದರೆ ಬೇಡ ಅಂತಲೇ ಬಿಡುತ್ತೇನೆ. ಕಾಂಪೌಂಡ್ ಡಬ್ಬಿ ಕಡೆ ಕೈ ಹೋಗುತ್ತದೆ, ವಾಪಸ್ ಎಳೆದುಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚು ಹೇಳುವುದು ನನ್ನ ಹತ್ತಿರ ಏನೂ ಇಲ್ಲ.