ಯೂನುಸ ತೆಗೆಯಲು ಮರೆತ ಸಾಲು

ಯೂನುಸನ ಕೈಗೆ ಸುಮ್ಮನಿರುವ ಗುಣವೇ ಇಲ್ಲ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ತಕ್ಕಡಿ ರಿಪೇರಿ ಅಂಗಡಿ. ಮೆಕ್ಕೆಜೋಳದ ವ್ಯಾಪಾರಿಗಳ ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಅವನ ಹತ್ತಿರವೇ ಬರಬೇಕು. ಯೂನುಸ ಮುಟ್ಟಿದ ತಕ್ಕಡಿ ಅಂದರೆ ಯಾರೂ ಎರಡನೇ ಸಲ ತೂಗಿ ನೋಡುತ್ತಿರಲಿಲ್ಲ. ಅವನಿಗಿದ್ದ ಆಸ್ತಿ ಆ ಹೆಸರೊಂದೇ.

ಇಂಥವನಿಗೆ ಗುಜರಿಯಲ್ಲಿ ಒಂದು ಹಳೇ ಕಂಪ್ಯೂಟರ್ ಸಿಕ್ಕಿತು. ಯಾವುದೋ ಕಾಲದಲ್ಲಿ ಯಾವುದೋ ಶಾಲೆಗೆ ಬಂದು ಮೂಲೆ ಸೇರಿದ್ದು. ಒಳಗೆ ಇಲಿ ಸಂಸಾರ ಹೂಡಿತ್ತು. ಯೂನುಸ ಕೆಟ್ಟ ಕೆಪಾಸಿಟರ್ ಕಿತ್ತು ಹೊಸದು ಬೆಸೆದ, ಒಂದೊಂದೇ ಕೀಲಿ ಬಿಚ್ಚಿ ತೊಳೆದ, ಡಬ್ಬಾ ಟೀವಿಗೆ ಜೋಡಿಸಿದ. ಜೀವ ಬಂತು. ಈಗಿನ ಮಷೀನುಗಳ ಹಾಗೆ ಅದು ಬಾಯಿ ಬಿಗಿದುಕೊಂಡು ಕೂರುವ ಜಾತಿಯಲ್ಲ. ಸ್ವಿಚ್ ಹಾಕಿದರೆ ಸಾಕು, ಏನು ಮಾಡಲಿ ಹೇಳು ಅಂತ ಕಾಯುತ್ತಿತ್ತು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆಯೇ ನಿಲ್ಲಿಸಿ, ಒಂದು ಸಾಲು ತಿದ್ದಿ, ಮತ್ತೆ ಓಡಿಸಬಹುದಿತ್ತು. ಯೂನುಸ ಮರುಳಾಗಿಬಿಟ್ಟ. “ಸವತೀನ ತಂದು ಕುಂದ್ರಿಸೀರಿ” ಅಂದಳು ಹೆಂಡತಿ ಜರೀನಾ.

ಒಂದು ಮಧ್ಯಾಹ್ನ ಅಂಗಡಿಯ ದೊಡ್ಡ ತಕ್ಕಡಿಯ ವೈರನ್ನು ಕಂಪ್ಯೂಟರಿಗೆ ಸೇರಿಸಿ, ಜೋಳದ ವ್ಯಾಪಾರಿ ಶಿವಯೋಗಪ್ಪನನ್ನು ಮೇಲೆ ನಿಲ್ಲಿಸಿದ. ತೊಂಬತ್ತು ಕಿಲೋ.

“ಸಾವ್ಕಾರ್ರ, ಉಪಾಸ ಇಲ್ಲದ ತೂಕ ಇಳಸ್ತೀನಿ ನೋಡ್ರಿ” ಅಂತ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ. ಎಂಬತ್ತೊಂದು!

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಗು ನಿಲ್ಲಿಸಿದವನು ಶಿವಯೋಗಪ್ಪ.

“ಲೇ ಯೂನುಸ, ನಮ್ಮ ತಕ್ಕಡಿಗೂ ಹಿಂಗ ಮಾಡಾಕ ಬರ್ತೈತೇನು?”

“ಬರ್ತೈತ್ರಿ. ಆದ್ರ ನಾ ಯಾಕ ಮಾಡ್ಲಿ?”

‘ಬರ್ತೈತಿ’ ಅಂದದ್ದಷ್ಟೇ ಊರಿನ ಕಿವಿಗೆ ಮುಟ್ಟಿತು. ಉಳಿದ ಮಾತು ಅಲ್ಲೇ ಬಿದ್ದುಹೋಯಿತು. ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಜನ ನಾವು. ಮುಚ್ಚಿ ಮಾಡಿದ್ದನ್ನು ನಂಬುತ್ತೇವೆ, ಬಿಚ್ಚಿ ತೋರಿಸಿದ್ದಕ್ಕೆ ಹುಬ್ಬು ಗಂಟಿಕ್ಕುತ್ತೇವೆ. ರಿಪೇರಿಯ ತಕ್ಕಡಿಗಳು ದಾವಣಗೆರೆಯ ದಾರಿ ಹಿಡಿದವು. ಚಾ ಅಂಗಡಿಗೆ ಯೂನುಸ ಬಂದರೆ ಮಾತು ನಿಲ್ಲತೊಡಗಿತು. ಯಾರು ಕೆಮ್ಮಿದರೂ ತನ್ನ ಬಗ್ಗೆಯೇ ಅಂತ ಅವನಿಗೂ ಅನುಮಾನ. “ಆ ದೆವ್ವನ ಗುಜರಿಗೆ ಹಾಕಿ ಬರ್ರಿ” ಅಂತ ಜರೀನಾ ಹಟ ಹಿಡಿದಳು. ಯೂನುಸನಿಗೆ ಅಳುವೇ ಬಂತು. ಆದರೂ ಒಪ್ಪಿದ. ಬಿಚ್ಚುವ ಮುಂಚೆ ಕೊನೇ ಸಲ ಅಂತ, ಆ ಕಾಲದ ಪದ್ಧತಿಯಂತೆ ಹಾಡಿನ ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದ ಆ ತೂಕದ ಪ್ರೋಗ್ರಾಮನ್ನೇ ಓಡಿಸಿದ.

ಆಗ ಕೊಟ್ರಬಸಮ್ಮ ಬಂದಳು. ಜೋಳ ಬೆಳೆಯುವ ಮುದುಕಿ. ಗಂಡನನ್ನೂ ನಂಬದ ಹೆಂಗಸು ಅಂತ ಹೆಸರಾದವಳು. ಮಾರಲು ಹೋದಲ್ಲೆಲ್ಲ ಎರಡು ಕಿಲೋದ ತನ್ನದೇ ಒಂದು ಕಲ್ಲನ್ನು ಚೀಲದಲ್ಲಿ ಒಯ್ಯುತ್ತಿದ್ದಳು. ಅದನ್ನು ತೆಗೆದು ತಕ್ಕಡಿಯ ಮೇಲಿಟ್ಟಳು.

ಒಂದು ಕಿಲೋ ಎಂಟುನೂರು.

ಯೂನುಸ ಟೀವಿಯತ್ತ ಬಗ್ಗಿದ. ಅವತ್ತಿನ ತಮಾಷೆಯ ಸಾಲು ಹಾಗೇ ಕ್ಯಾಸೆಟ್ಟಿಗೆ ಹೋಗಿತ್ತು, ತೆಗೆಯಲು ಮರೆತಿದ್ದ.

“ಹಂಗಾದ್ರ ಮಂದಿ ಅಂದದ್ದು ಸುಳ್ಳಲ್ಲ” ಅಂದಳು ಮುದುಕಿ.

“ನಿಂದರ್ರಿ ಅಮ್ಮ, ಇಲ್ಲಿ ನೋಡ್ರಿ!” ಪ್ರೋಗ್ರಾಮನ್ನು ನಿಲ್ಲಿಸಿ ಅದರ ಸಾಲುಗಳನ್ನೆಲ್ಲ ಟೀವಿಯ ಮೇಲೆ ತಂದ. ಹತ್ತರಲ್ಲೊಂದು ಪಾಲು ಕಳೆಯುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ, ಅವಳ ಕಣ್ಣೆದುರೇ ಅಳಿಸಿದ, ಮತ್ತೆ ಓಡಿಸಿದ. ಕಲ್ಲು ಎರಡು ಕಿಲೋ ತೂಗಿತು.

ಮುದುಕಿ ಬಗ್ಗಿ ಟೀವಿಯನ್ನು ದಿಟ್ಟಿಸಿದಳು. “ಇದು ಚಲೋ ಐತಿ. ಎಲ್ಲಿ ಕದ್ದೆ ಅಂತ ತಾನ ಹೇಳ್ತು. ಶಿವಯೋಗಪ್ಪನ ಅಂಗಡ್ಯಾಗ ಎರಡು ವರ್ಷಾತು ಈ ಕಲ್ಲು ಕಮ್ಮಿ ತೂಗಾಕತ್ತೈತಿ. ಕೇಳಿದ್ರ, ಮಷೀನು ಸುಳ್ಳು ಹೇಳ್ತೈತೇನಬೇ ಅಂತಾನ.”

ಅವತ್ತು ಮೊದಲು ನಗು ನಿಲ್ಲಿಸಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಯಾರು ಅಂತ ಯೂನುಸನಿಗೆ ಆಗ ಹೊಳೆಯಿತು. ಕುಣಿಯುವಷ್ಟು ಖುಷಿಯಾಯಿತು.

“ಇದನ್ನ ನಾಕು ಮಂದಿ ಮುಂದ ಹೇಳ್ರಿ ಅಮ್ಮ! ನನ್ನ ಮಾನ ಉಳೀತೈತಿ.”

“ಹೇಳ್ತೀನಿ. ಆ ತಕ್ಕಡಿ ರಿಪೇರಿ ಮಾಡಿದವ ಯಾರು?”

ಎರಡು ವರ್ಷದ ಹಿಂದೆ ಅದನ್ನು ಬಿಚ್ಚಿ, ಸರಿಮಾಡಿ, ಮುಚ್ಚಿ ಕೊಟ್ಟವನು ಯೂನುಸನೇ. ಸರಿಯಾಗಿಯೇ ಕೊಟ್ಟಿದ್ದ. ಆಮೇಲೆ ಯಾರು ಕೈಯಾಡಿಸಿದರೋ! ಬೆರಳಿಟ್ಟು ತೋರಿಸೋಣ ಅಂದರೆ ಆ ಮುಚ್ಚಿದ ಡಬ್ಬಿಯಲ್ಲಿ ಓದುವಂಥ ಒಂದು ಸಾಲೂ ಇರಲಿಲ್ಲ.

“ನಾನೇ ರೀ” ಅಂದ.

ಕೊಟ್ರಬಸಮ್ಮ ಕಲ್ಲನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.