ಬಲೆಯ ಕಣ್ಣಿಗೆ ಚೌಡಮ್ಮನ ಅಳತೆ

ಬೆಳಗಿನ ಐದೂವರೆ. ಭದ್ರಾವತಿಯ ತಗಡಿನ ಶೆಡ್ಡೊಂದರಲ್ಲಿ ಚೌಡಮ್ಮನ ಅರ ಆಗಲೇ ಸದ್ದು ಮಾಡತೊಡಗಿದೆ. ವೈಸ್‌ಗೆ ಕಚ್ಚಿಸಿದ ಗೇಣುದ್ದದ ಉಕ್ಕಿನ ಪಟ್ಟಿಯನ್ನು ಎರಡು ಸಲ ಉಜ್ಜುತ್ತಾರೆ, ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ಇದು ಅರವತ್ತನೆಯದು, ಕೊನೆಯದು. ಏಳರ ಬಸ್ಸಿಗೆ ಶೆಡ್ಡಿನ ಮಾಲೀಕ ವೀರಪ್ಪ ಇವನ್ನು ಹೊತ್ತು ಹೊನ್ನಾವರಕ್ಕೆ ಹೊರಡಬೇಕು.

"ಎಷ್ಟ್ ಸಲ ಸವರಿದ್ರೂ ಸಮಾಧಾನ ಇಲ್ಲ ನೋಡಿ. ನನ್ ಮದುವೇಲೂ ಇಷ್ಟ್ ದಿಗಿಲಾಗಿರ್ಲಿಲ್ಲ" ಎಂದು ನಗುತ್ತಾರೆ.

ದಿಗಿಲಾಗದೆ ಏನು! ಈ ಪಟ್ಟಿ ಮೀನುಬಲೆಯ ಕಣ್ಣನ್ನು ಅಳೆಯುವಂಥದ್ದು. ಒಂದು ತುದಿ ಕಿರಿದು, ಇನ್ನೊಂದು ಅಗಲ, ಮೈಮೇಲೆ ಮಿಲಿಮೀಟರಿನ ಗೆರೆಗಳು. ನೆನೆದ ಬಲೆಯ ಕಣ್ಣಿಗೆ ತೂರಿಸಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅದೇ ಅಳತೆ. ಮೂವತ್ತೈದಕ್ಕಿಂತ ಕಿರಿದಾದರೆ ಮರಿಮೀನೂ ಬೀಳುತ್ತದೆ. ಮರಿಗಳನ್ನೇ ಬಾಚಿದರೆ ಮುಂದಿನ ವರ್ಷ ಕಡಲಲ್ಲಿ ಉಳಿಯುವುದೇನು? ಇಷ್ಟು ದಿನ ಗೋವಾ, ಕರ್ನಾಟಕ, ಕೇರಳದವರು ತಮ್ಮ ತಮ್ಮ ಅಳತೆಯನ್ನೇ ಹಿಡಿದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿತ್ತು. ಇಲ್ಲಿ ಸರಿ ಎನಿಸಿದ ಬಲೆಗೆ ಗಡಿಯಾಚೆ ದೋಣಿಯೇ ಜಪ್ತಿ. ಕಳ್ಳದೋಣಿ ಹುಡುಕಬೇಕಾದ ಕಡಲ ಕಾವಲಿನವರಿಗೆ ಬಲೆಜಗಳ ಬಿಡಿಸುವುದೇ ಕೆಲಸ. ಇವತ್ತು ನಾಲ್ಕು ಗಂಟೆಗೆ ಹೊನ್ನಾವರದಲ್ಲಿ ಮೂರೂ ಕಡೆಯ ಮೀನುಗಾರ ಸಂಘದವರು ಒಟ್ಟಿಗೆ ಸೇರಿ ಚೌಡಮ್ಮನ ಪಟ್ಟಿಯನ್ನು ಪರೀಕ್ಷಿಸುತ್ತಾರೆ. ಒಪ್ಪಿದರೆ ಎಲ್ಲರಿಗೂ ಒಂದೇ ಅಳತೆ. ಇಲ್ಲದಿದ್ದರೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿ ಇಳಿದ ದಿನವೇ ಮತ್ತೆ ಹೊಡೆದಾಟ.

ನಲವತ್ತಾರರ ಚೌಡಮ್ಮ ಕಡಲು ಕಂಡವರಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ತಂದೆ ಹೂವಪ್ಪನಿಂದ ಅರ ಹಿಡಿಯಲು ಕಲಿತರು. ೧೯೮೯ರಲ್ಲಿ ಗಂಡ ತೀರಿಕೊಂಡ ಮೇಲೆ ಈ ಶೆಡ್ಡಿಗೆ ಕೆಲಸ ಕೇಳಿ ಬಂದಾಗ ಆಡಿಕೊಂಡವರೇ ಹೆಚ್ಚು. ಹದಿನಾಲ್ಕು ವರ್ಷ ಕಳೆದಿದೆ, ಆಡಿಕೊಂಡವರೇ ಈಗ ಕಷ್ಟದ ಕೆಲಸ ಬಂದರೆ ಇವರ ಮುಂದೆ ತಂದಿಡುತ್ತಾರೆ. ದಿನಕ್ಕೆ ಆರು ಪಟ್ಟಿ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆದರೂ ಎಡವಿದರು. ಹೋದ ತಿಂಗಳು ಮಾದರಿಗೆಂದು ಕಳಿಸಿದ ಪಟ್ಟಿಗಳು ಹೋದ ದಾರಿಯಲ್ಲೇ ವಾಪಸ್ ಬಂದವು. ಫಿಟ್ಟರ್ ಕಸುಬಿನಲ್ಲಿ ಅಂಚು ಚೂಪಾದಷ್ಟೂ ಮರ್ಯಾದೆ. ಚೌಡಮ್ಮ ಕಲಿತ ಹಾಗೇ ಚೂಪಾಗಿ ಅಂಚು ತೆಗೆದಿದ್ದರು, ಅದು ಬಲೆಯ ದಾರವನ್ನೇ ಕತ್ತರಿಸಿತು. "ಅಳೀಲಿಕ್ಕೆ ಬಂದದ್ದಾ, ಹರೀಲಿಕ್ಕೆ ಬಂದದ್ದಾ?" ಎಂದು ಮೀನುಗಾರರು ವೀರಪ್ಪನಿಗೆ ಮಂಗಳಾರತಿ ಎತ್ತಿದರು.

"ಅಂಚು ಮೊಂಡು ಮಾಡೋದಂದ್ರೆ ಕಸುಬಿಗೇ ಅವಮಾನ, ಮಾರಾಯ್ರೆ. ಎರಡ್ ದಿನ ಊಟ ಸೇರ್ಲಿಲ್ಲ. ಆಮೇಲೆ ಶಿವಮೊಗ್ಗಕ್ಕೆ ಹೋಗಿ ಗಾಂಧಿ ಬಜಾರಲ್ಲಿ ಎರಡ್ ಮೊಳ ಬಲೆ ತಂದೆ. ನೆನೆಸಿ, ಕಿಟಕಿಗೆ ಕಟ್ಟಿ, ತೂರಿಸ್ತಾ ತೂರಿಸ್ತಾ ಉಜ್ಜಿದೆ. ಅಂಚು ಗುಂಡಗಾಗ್ಬೇಕು, ಅಗಲ ಮಾತ್ರ ಕರಗ್‌ಬಾರ್ದು. ಅದೇ ಕಷ್ಟ" ಎನ್ನುತ್ತಾರೆ ಚೌಡಮ್ಮ.

ವೀರಪ್ಪನನ್ನು ಹತ್ತಿಸಿಕೊಂಡು ಬಸ್ಸು ಹೋಯಿತು. ಚೌಡಮ್ಮನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಗುಡಿಸಿದ ಶೆಡ್ಡನ್ನೇ ಮೂರು ಸಲ ಗುಡಿಸಿದ್ದಾರೆ. ಸಂಜೆ ಐದೂಕಾಲಿಗೆ ಫೋನು ಬಡಿದುಕೊಂಡಾಗ ಸೆರಗಿಗೆ ಕೈ ಒರೆಸಿಕೊಂಡು ಓಡುತ್ತಾರೆ. ಅತ್ತ ವೀರಪ್ಪನ ಕೂಗು ಶೆಡ್ಡಿಗೆಲ್ಲ ಕೇಳಿಸುತ್ತದೆ.

"ಚೌಡಮ್ಮ, ಒಂದೇ ಬಲೆನ ಮೂರು ಕಡೆಯೋರು ಮೂರು ಪಟ್ಟಿ ತಗೊಂಡು ಅಳೆದ್ರು! ಮೂರರಲ್ಲೂ ಮೂವತ್ತಮೂರು! ಬಲೆ ಯಾರ್ದೋ ಅವ್ನೇ ಎದ್ದು, ಕಣ್ಣು ಸಣ್ಣ ಆಯ್ತು, ಬದಲಾಯಿಸ್ತೀನಿ ಅಂದ. ಜಗಳ ಇಲ್ಲ, ಏನಿಲ್ಲ, ಮೂರೂ ಕಡೆಯೋರು ಪಟ್ಟಿ ಒಪ್ಪಿದ್ರು. ಒಂದ್ ದಾರಾನೂ ಹರೀಲಿಲ್ಲ ಕಣಮ್ಮ!"

ಫೋನಿಟ್ಟ ಚೌಡಮ್ಮ ಅಲ್ಲೇ ಕೂತು ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕಪಕ್ಕದ ಶೆಡ್ಡಿನವರು ಸುತ್ತ ನೆರೆದು, ಏನಾದರೂ ಹೇಳಿ ಎಂದು ಪೀಡಿಸುತ್ತಾರೆ.

"ಏನ್ ಹೇಳ್ಲಿ? ನಾಳೆ ಅವ್ನ ಹೊಸ ಬಲೆಯಿಂದ ಒಂದ್ ಮರಿಮೀನು ತಪ್ಪಿಸ್ಕೊಂಡ್ರೆ, ಅದಕ್ಕೆ ದಾರಿ ಬಿಟ್ಟೋಳು ನಾನು."