ಅತ್ತೆ ಆರಿಸಿಕೊಂಡ ದನಿ

ಅತ್ತೆಯ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಬಸ್ಸಿನ ಕಂಬಿಯ ಮೇಲೆ, ಕಾಫಿ ಲೋಟದ ಮೇಲೆ, ಏನೂ ಸಿಗದಿದ್ದರೆ ತಮ್ಮ ಮಂಡಿಯ ಮೇಲೇ, ಕಿವಿಗೆ ಬಿದ್ದ ಮಾತನ್ನೆಲ್ಲ ಟೈಪು ಮಾಡುತ್ತಿದ್ದರು. ಕಿರುಬೆರಳುಗಳೆರಡೂ ಒಳಕ್ಕೆ ಬಾಗಿದ್ದವು. ಹಳೆಯ ಟೈಪ್‌ರೈಟರಿನ ಬಿಗಿ ಕೀಗಳು ಮಾಡಿದ ಕೆಲಸ ಅದು.

ಅವರು ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರಿನ ಕಾಲ ಮುಗಿದ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ, ಲಗ್ನಪತ್ರಿಕೆ ಮಾಡಿಕೊಡತೊಡಗಿದರು. ಒಂದೆಡೆ ಕೂರುವ ಜೀವವಲ್ಲ. ಕೆಲಸವಿಲ್ಲದಿದ್ದರೂ ಹನೂರಿನ ಬಸ್ಸು ಹತ್ತುವರು. ಇಲ್ಲವೇ ಯಳಂದೂರಿನಲ್ಲಿ ಟೀಚರಾಗಿದ್ದ ನನ್ನ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ವಾಪಸ್ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವರು.

ಅಂಥವರಿಗೆ ಗ್ಲಾಕೋಮಾ ಬಂತು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ಕಾಲ ನಿಲ್ಲಲಾರದು ಎಂದರು ಮೈಸೂರಿನ ಡಾಕ್ಟರು. ನನಗೆ ಅಳು ಬಂತು. ಅತ್ತೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಕಂಪ್ಯೂಟರಿನ ಮಾತೆತ್ತಿದರು.

“ಪರದೆ ಮೇಲಿರೋದ್ನ ಓದಿ ಯೇಳೋ ಕಂಪ್ಯೂಟರ್ ಅದಂತಲ್ಲ. ಕಣ್ ಓಗೋದ್ರೊಳಗೆ ಅದ್ನ ನನ್ ಕೈ ಕಲ್ತುಬುಡ್ಬೇಕು ಕಣಮ್ಮಿ. ಎರಡು ಬಗೆ ಅದಂತೆ, ಎರಡೂ ಕಲಿಯೋಕೆ ಟೈಮಿಲ್ಲ. ಯಾವ್ದು ಕಲೀಲಿ?”

ಅವರ ಮೇಜಿನ ಮೇಲಿದ್ದದ್ದು ವಿಂಡೋಸ್. ಅದಕ್ಕೆ ಪುಕ್ಕಟೆಯಾಗಿ ಸಿಗುವ ಓದುವ ಪ್ರೋಗ್ರಾಂ ಹಾಕಿದೆವು. ಕನ್ನಡ ಓದಿತು, ಆದರೆ ತಗಡಿನ ಡಬ್ಬದೊಳಗಿಂದ ಯಾರೋ ಕೂಗಿದ ಹಾಗೆ. ಇನ್ನೊಂದು ಬಗೆಯ ಕಂಪ್ಯೂಟರಾದ ಮ್ಯಾಕನ್ನು, ಯಾರೋ ಬಳಸಿ ಮಾರಿದ್ದನ್ನು, ಹುಡುಕಿ ತಂದೆ. ಅದರ ಕನ್ನಡ ದನಿ ಪಕ್ಕದಲ್ಲಿ ಹೆಂಗಸೊಬ್ಬಳು ಕೂತು ಓದಿದಂತಿತ್ತು. ಅತ್ತೆ ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ಓದಿಸಿದರು. “ನಮ್ಮವ್ವ ಮಾತಾಡ್ದಂಗೇ ಅದೆ” ಎಂದರು. ಇನ್ನು ಇದೇ ಗಟ್ಟಿ ಎಂದುಕೊಂಡೆ.

ಗಟ್ಟಿಯಾಗಲಿಲ್ಲ. ಬೆಳಿಗ್ಗೆ ಫೋನು ಮಾಡಿ ಮ್ಯಾಕೇ ಸರಿ ಎನ್ನುವರು, ಸಂಜೆಗೆ ಬೇಡ ಎನ್ನುವರು. ಒಂದರ ಕೀಗಳು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇದಕ್ಕೆ ಒತ್ತಬೇಕಾದ್ದನ್ನು ಅದಕ್ಕೆ ಒತ್ತಿ ಸಿಟ್ಟಾಗುವರು. ಅಷ್ಟರಲ್ಲಿ ನೋಟ ಇನ್ನಷ್ಟು ಕಿರಿದಾಯಿತು, ಕೊಳವೆಯಲ್ಲಿ ಇಣುಕಿದಷ್ಟೇ ಕಾಣುತ್ತಿತ್ತು. ದಿನ ಕಳೆಯುತ್ತಿದೆ, ಬೇಗ ಒಂದನ್ನು ಹಿಡಿಯಿರಿ ಎಂದು ನಾನು ರೇಗಿದೆ.

ಒಂದು ದಿನ ಶಾಲೆಗೆ ರಜೆ ಹಾಕಿಸಿ ನನ್ನನ್ನು ಬಸ್ಸು ಹತ್ತಿಸಿದರು. ಯಾಕೆಂದು ಹೇಳಲಿಲ್ಲ. ಹನೂರಿನಲ್ಲಿ ಇಳಿದು ಜೆರಾಕ್ಸ್ ಅಂಗಡಿ, ಬ್ರೌಸಿಂಗ್ ಸೆಂಟರುಗಳನ್ನು ಹೊಕ್ಕು ಯಾವ ಕಂಪ್ಯೂಟರ್ ಇದೆ ಎಂದು ವಿಚಾರಿಸಿದರು. ನಾವು ಹೊಕ್ಕ ಕಡೆಯೆಲ್ಲ ವಿಂಡೋಸೇ. ಅಲ್ಲಿಂದ ಅಜ್ಜೀಪುರಕ್ಕೆ ನಡೆ ಎಂದರು. ಅಲ್ಲಿಯ ಜೆರಾಕ್ಸ್ ಅಂಗಡಿಯಲ್ಲಿ, ಸ್ವಲ್ಪ ಹೊತ್ತು ಕಂಪ್ಯೂಟರ್ ಮುಂದೆ ಕೂರಲೇ ಎಂದು ಕೇಳಿದರು. ಅಂಗಡಿಯವನು ಅನುಮಾನಿಸಿದ.

“ಕಣ್ ಕಾಣ್ದಲ್ಲಕ್ಕ. ನೀವು ಯೇಳಿ, ನಾನೇ ಟೈಪ್ ಒಡ್ಕೊಡ್ತೀನಿ.”

ಅತ್ತೆ ಕೂತೇಬಿಟ್ಟರು. ಇದ್ದಷ್ಟು ಕಣ್ಣನ್ನೂ ಮುಚ್ಚಿಕೊಂಡು, ಚೀಲದಿಂದ ಪೆನ್‌ಡ್ರೈವ್ ತೆಗೆದು, ತಡಕಿ ಸಿಕ್ಕಿಸಿದರು. ಓದುವ ಪ್ರೋಗ್ರಾಂ ಅದರೊಳಗೇ ಇತ್ತಂತೆ, ಯಾವ ಕಂಪ್ಯೂಟರಿಗೆ ಹಾಕಿದರೂ ನಡೆಯುತ್ತಿತ್ತಂತೆ, ನನಗೂ ತಿಳಿಸಿರಲಿಲ್ಲ. ದನಿಯೇ ಬರಲಿಲ್ಲ. ನಾನು ಕೈಚಾಚಿದರೆ ತಳ್ಳಿದರು. ಕೊನೆಗೆ ಸ್ಪೀಕರಿನ ತಿರುಗುಗುಂಡಿ ಕೈಗೆ ಸಿಕ್ಕಿತು, ತಗಡಿನ ದನಿ ಅಂಗಡಿಯ ತುಂಬ ಕೂಗಿತು.

ಬೀದಿಯ ನಲ್ಲಿಗೆ ನೀರು ಬರುತ್ತಿಲ್ಲವೆಂದು ಅರ್ಜಿ ಬರೆಸಲು ಹೆಂಗಸೊಬ್ಬಳು ಕಾದಿದ್ದಳು. ಅತ್ತೆ ಅವಳನ್ನು ಕೂರಿಸಿಕೊಂಡು ಮಾತಾಡಿಸಿ, ಹೇಳಿದ್ದನ್ನೆಲ್ಲ ಟೈಪು ಹೊಡೆದರು. ದನಿ ಅದನ್ನು ತಿರುಗಿ ಓದಿತು. ಬೀದಿಯ ಹೆಸರು ತಪ್ಪಾಗಿದೆ ಎಂದಳು ಅವಳು, ತಿದ್ದಿದರು. ಅಂಗಡಿಯವನು ಪ್ರಿಂಟ್ ತೆಗೆದುಕೊಟ್ಟ.

ವಾಪಸ್ ಬಸ್ಸಿನಲ್ಲಿ ಅತ್ತೆ ಹೇಳಿದರು: “ಆ ಮ್ಯಾಕಿಟ್ಕಂಡ್ರೆ ಮನೇಲೇ ಕೂತಿರ್ಬೇಕು. ನನ್ ಕೈಲಾಗೋದಾ ಅದು? ಇದಾದ್ರೆ ಯಾವೂರ್ಗೋದ್ರೂ ಒಂದ್ ಕುರ್ಚಿ ಸಿಕ್ತದೆ.” ಶಾಗ್ಯದ ಕಡೆಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಕಂಬಿಯ ಮೇಲೆ ಬೆರಳಾಡಿಸುತ್ತ, “ಆ ದನಿ ಮಾತ್ರ ಚೆನ್ನಾಗಿತ್ತು ಕಣವ್ವ. ನೀನೇ ತಕಂಡೋಗ್ಬುಡು, ಎದುರ್ಗಿದ್ರೆ ಮನಸು ಎಳೀತದೆ” ಎಂದರು.

ಕಣ್ಣು ಪೂರ್ತಿ ಹೋದ ಮೇಲೂ ಅವರು ಊರೂರು ಸುತ್ತಿ ಟೈಪು ಮಾಡಿದರು. ಕಂಡಕ್ಟರುಗಳು ಇಳಿಸುವರು, ಅಂಗಡಿಯವರು ಕೈಹಿಡಿದು ಒಳಗೆ ಕರೆದೊಯ್ಯುವರು. ನಡುವೆ ಒಂದು ದಿನ ನನ್ನ ಶಾಲೆಗೇ ಬಂದರು. ಈ ಕಾಯಿಲೆ ವಂಶದಲ್ಲಿ ಹರಿಯುವಂಥದ್ದು, ನೀನೂ ತೋರಿಸಿಕೋ ಎಂದು ಎಷ್ಟು ಸಲ ಹೇಳಿದ್ದರೋ, ನಾನು ಮುಂದೂಡುತ್ತಲೇ ಇದ್ದೆ. ಅವರು ಸ್ಟಾಫ್ ರೂಮಿನಲ್ಲಿ ಕೂತು, ನಾನು ರಜೆಚೀಟಿ ಕೊಡುವವರೆಗೂ ಏಳಲಿಲ್ಲ. ಮೈಸೂರಿನಲ್ಲಿ ಪರೀಕ್ಷಿಸಿದರೆ ನನ್ನ ಕಣ್ಣುಗಳಲ್ಲೂ ಒತ್ತಡ ಶುರುವಾಗಿತ್ತು. ನರಕ್ಕೆ ಏಟು ಬಿದ್ದಿರಲಿಲ್ಲ. ಅಂದಿನಿಂದ ಹನಿ ಹಾಕಿಕೊಳ್ಳುತ್ತಿದ್ದೇನೆ.

ಹೋದ ವರ್ಷ ಸಣ್ಣ ಜ್ವರವೆಂದು ಮಲಗಿದವರು ಏಳಲಿಲ್ಲ. ಅಜ್ಜೀಪುರದ ಅಂಗಡಿಯವನು ಮಣ್ಣಿಗೆ ಬಂದಿದ್ದ. “ಅಕ್ಕ ಇನ್ ಯಾವಾಗ್ ಬರ್ತಾರೆ ಅಂತ ಜನ ಕೇಳ್ತಾವ್ರೆ, ನಾನ್ ಏನಂತ ಯೇಳ್ಲಿ?” ಎಂದ.

ಇದನ್ನು ಬರೆದು, ಮೊದಲಿನಿಂದ ಕೊನೆಯವರೆಗೆ ನನ್ನ ಕಣ್ಣಿನಿಂದಲೇ ಓದಿ ತಿದ್ದಿದ್ದೇನೆ. ಆ ಓದು ಅತ್ತೆ ಕೊಟ್ಟದ್ದು.